ಸುಸ್ತು ಅಂದರೆ ದಣಿವಾ, ಉಸಿರು ಕಟ್ಟೋದಾ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಫೋನ್ ಕರೆ ನೋಡಿಕೊಳ್ಳುವ ನರ್ಸ್. ಯಾರಿಗೆ ಈಗಲೇ 108 ಬೇಕು, ಯಾರು ಇವತ್ತೇ ಬರಬೇಕು, ಯಾರು ನಾಳೆ ಬಂದರೂ ನಡೆಯುತ್ತದೆ ಅಂತ ವಿಂಗಡಿಸುವುದು ನನ್ನ ಕೆಲಸ. ಮುಖ ಕಾಣುವುದಿಲ್ಲ, ನಾಡಿ ಸಿಗುವುದಿಲ್ಲ. ಅವರಾಡುವ ಮಾತನ್ನೇ ನಂಬಬೇಕು. ಹಾಗಾಗಿ ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ.

ಕಳೆದ ತಿಂಗಳು ಮದ್ದೂರು ಹತ್ತಿರದ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ನಮ್ಮತ್ತೆಗೆ ಒಸಿ ಸುಸ್ತು ಕಣಕ್ಕ."

ಪ್ರಶ್ನೆಗಳ ಹಾಳೆಯಲ್ಲಿ ಇದ್ದಂತೆ ಕೇಳಿದೆ. "ಉಸಿರಾಟದ ತೊಂದರೆ ಇದೆಯಾ?"

"ಅಯ್ಯೋ, ಅಂತಾ ಕಾಯ್ಲೆ ಏನೂ ಇಲ್ಲ."

ಹಾಳೆಯಲ್ಲಿ ಸುಸ್ತು ಹಸಿರು ಸಾಲಿನಲ್ಲಿದೆ, ಅಂದರೆ ನಾಳೆ ಬಂದರೂ ನಡೆಯುತ್ತದೆ. ನಾಳೆ ಬೆಳಿಗ್ಗೆಗೆ ಹೆಸರು ಬರೆದುಕೊಳ್ಳುತ್ತಾ, "ಮಲಗಿಸಿ, ರೆಸ್ಟ್ ತಗೊಳ್ಳಲಿ" ಅಂದೆ.

"ಮಲಗಿದ್ರೆ ಸುಸ್ತು ಜಾಸ್ತಿ ಆಯ್ತದೆ ಕಣಕ್ಕ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇದ್ರು."

ಬರೆಯುತ್ತಿದ್ದ ಕೈ ನಿಂತಿತು. ದಣಿವಾಗಿದ್ದರೆ ಮಲಗಿದಾಗ ಕಡಿಮೆಯಾಗಬೇಕು, ಅಲ್ವಾ? ಮಲಗಿದರೆ ಹೆಚ್ಚಾಗಿ, ಎದ್ದು ಕೂತರೆ ಹಗುರಾಗುತ್ತದೆ ಅಂದರೆ ಅದು ಉಸಿರು ಕಟ್ಟುವುದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದಾಗ ಹೀಗಾಗುತ್ತದೆ. ಫೋನನ್ನು ಅತ್ತೆಗೇ ಕೊಡಿ ಅಂದೆ. ಎರಡು ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ತಕ್ಷಣ 108 ಹೋಯಿತು. ಈಗ ಹುಷಾರಾಗಿದ್ದಾರೆ. ಆದರೆ ಆ ಸೊಸೆ ಆ ಒಂದು ಮಾತು ಹೇಳದೆ ಇದ್ದಿದ್ದರೆ ಅನ್ನುವುದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಹಾಳೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ದಣಿವಿಗೆ 'ಸುಸ್ತು' ಅಂತ ಬರೆದಿದ್ದಾರೆ. ತಪ್ಪು ಅನ್ನೋಕಾಗುವುದಿಲ್ಲ. ಪಾರ್ಸಿಯಿಂದ ಹಿಂದೂಸ್ತಾನಿಯ ದಾರಿಯಲ್ಲಿ ನಮಗೆ ಬಂದ ಪದ ಇದು. ಹಿಂದಿಯಲ್ಲಿ ಈಗಲೂ ಸುಸ್ತ್ ಅಂದರೆ ಸೋಮಾರಿ, ನಿಧಾನ. ಆದರೆ ಮಂಡ್ಯದ ಕಡೆಯ ಕರೆಗಳಲ್ಲಿ ನಾನು ಕೇಳುವ ಸುಸ್ತು ತುಂಬಾ ದೊಡ್ಡದು. ಗದ್ದೆಯಿಂದ ಬಂದರೂ ಸುಸ್ತು, ಊಟ ಬಿಟ್ಟರೂ ಸುಸ್ತು, ಮೆಟ್ಟಿಲು ಹತ್ತಿ ಏದುಸಿರು ಬಂದರೂ ಸುಸ್ತು. ಕಣ್ಣು ಕತ್ತಲೆ ಬಂದು ಬಿದ್ದರೆ "ಸುಸ್ತಾಗಿ ಬಿದ್ದೋದ್ರು".

ಬೇರೆ ಪದ ಹಾಕೋಣ ಅಂದರೆ ಒಂದೊಂದಕ್ಕೂ ಒಂದೊಂದು ತೊಡಕು. ಉಬ್ಬಸ, ದಮ್ಮು ಅಂದರೆ ಹಳೆಯ ಕಾಯಿಲೆಯ ಹೆಸರು ಅಂದುಕೊಂಡು ಇಲ್ಲ ಅಂತಾರೆ. ಏದುಸಿರು ಅಂದರೆ "ಏನಂದ್ರಿ?" ಅಂತ ಕೇಳುತ್ತಾರೆ. ಮೇಲುಸಿರು ಅಂತೂ ಕೇಳಲೇಬಾರದು, ಅದು ಸಾಯುವವರ ಉಸಿರು. ಒಮ್ಮೆ ಕೇಳಿದ್ದಕ್ಕೆ ಆ ಕಡೆ ಮಗ ಅಳೋಕೆ ಶುರು ಮಾಡಿದರು. ತೆಲುಗಿನಲ್ಲಿ ಆಯಾಸಂ ಅಂದರೆ ಉಸಿರು ಕಟ್ಟುವುದು, ನಮ್ಮಲ್ಲಿ ಆಯಾಸ ಬರೀ ದಣಿವು. ಪಾವಗಡ, ಕೋಲಾರದ ಕಡೆಯ ಕನ್ನಡದಲ್ಲಿ ಆಯಾಸಕ್ಕೆ ಯಾವ ಅರ್ಥ? ಅಲ್ಲಿಯವರು ದಯವಿಟ್ಟು ತಿಳಿಸಿ.

ಈಗ ನಾನು ಪದ ಬಿಟ್ಟು, ಅವರಿಗೆ ಏನು ಮಾಡೋಕಾಗುತ್ತಿದೆ ಅಂತ ಕೇಳುತ್ತಿದ್ದೇನೆ. "ಒಂದೇ ಉಸಿರಿಗೆ ಒಂದು ಮಾತು ಪೂರ್ತಿ ಹೇಳೋಕೆ ಆಗ್ತಿದೆಯಾ? ರಾತ್ರಿ ಮಲಗೋಕೆ ಆಯ್ತಾ, ಕೂತೇ ಇದ್ದರಾ?" ಇದಕ್ಕೆ ಸರಿಯಾದ ಉತ್ತರ ಬರುತ್ತದೆ.

ಇನ್ನೊಂದು ಪದ ಸಂಕಟ. ಕೆಲವರಿಗೆ ಅದು ವಾಂತಿ ಬರುವ ಹಾಗಾಗುವುದು, ಕೆಲವರಿಗೆ ಎದೆ ಹಿಂಡುವುದು. ಇದರ ಜೊತೆಗೆ ಗ್ಯಾಸ್ಟ್ರಿಕ್ ಬೇರೆ. "ಗ್ಯಾಸ್ಟ್ರಿಕ್ ಅಷ್ಟೇ, ಮೈಯೆಲ್ಲ ಬೆವರು" ಅಂದರೆ ನಾನು ಹೃದಯದ್ದೇ ಅಂದುಕೊಂಡು ಮುಂದಿನ ಪ್ರಶ್ನೆ ಕೇಳುತ್ತೇನೆ. ಹೃದಯಾಘಾತದ ನೋವು ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದಲ್ಲೇ ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಇರಬಹುದು.

ನಿಮ್ಮ ಮನೆಯಲ್ಲಿ ಅಜ್ಜಿ ಸಂಕಟ ಅಂದರೆ ಕೈ ಎಲ್ಲಿಗೆ ಹೋಗುತ್ತದೆ, ಹೊಟ್ಟೆಗಾ, ಎದೆಗಾ? ಉಸಿರು ಸಾಲದೆ ಬಂದಾಗ ಅವರು ಏನಂತಾರೆ? ಊರು, ತಾಲ್ಲೂಕು ಹಾಕಿ ಬರೆಯಿರಿ. ಹೊಸ ಹಾಳೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಸುಸ್ತನ್ನು ಹಸಿರು ಸಾಲಿನಿಂದ ತೆಗೆಸಿದ್ದೇನೆ, ಆ ಜಾಗ ಇನ್ನೂ ಖಾಲಿ ಇದೆ.