ಏನೂ ತಿದ್ದದಿದ್ದರೂ ‘ಬದಲಾವಣೆ ಉಳಿಸಬೇಕೇ?’ ಎಂದು ಕೇಳುವ ಫಾರ್ಮ್

ತೆಂಕುತಿಟ್ಟು:
ಕಾಸರಗೋಡಿನ ಸೊಸೈಟಿಯೊಂದಕ್ಕೆ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳ ಕಿಟಕಿ ಕಟ್ಟುವ ಮೈಕ್ರೋಸಾಫ್ಟ್ ಸಾಧನ) ಸದಸ್ಯರ ಫಾರ್ಮ್. ಹೆಸರಿಗೆ ಕನ್ನಡದ್ದೊಂದು ಬಾಕ್ಸ್, ಮಲಯಾಳದ್ದೊಂದು. ಆಮೇಲೆ ಊರು, ಕೆಳಗೆ ಅಡಿಕೆ ತೂಕದ ಗ್ರಿಡ್. ತೆರೆದು ಹಾಗೇ ಮುಚ್ಚಿದರೂ ‘ಉಳಿಸಬೇಕೇ?’ ಅನ್ನುತ್ತದೆ. ಗ್ರಿಡ್‌ನಲ್ಲಿ ಇದರ ಉಲ್ಟಾ: ತೂಕ ತಿದ್ದಿ ಟೂಲ್‌ಬಾರಿನ ಸೇವ್ ಒತ್ತಿದರೆ ಹಳೇ ತೂಕವೇ ಉಳಿಯುತ್ತದೆ. ಪ್ರತಿ ಬಾಕ್ಸಿನ ಟೆಕ್ಸ್ಟ್‌ಚೇಂಜ್ಡ್‌ನಲ್ಲಿ (ಬರಹ ಬದಲಾದಾಗ ಓಡುವ ಕೋಡ್) ‘ಬದಲಾಗಿದೆ’ ಎಂಬ ಫ್ಲ್ಯಾಗ್ ಏರಿಸಿದ್ದೇನೆ.

ಪಯಸ್ವಿನಿ:
ಬರೆದದ್ದು ಗುಮಾಸ್ತರೋ ಕೋಡೋ ಅಂತ ಟೆಕ್ಸ್ಟ್‌ಚೇಂಜ್ಡ್‌ಗೆ ಗೊತ್ತಾಗುವುದಿಲ್ಲ ಮಾರಾಯ್ರೆ. ಡೇಟಾಬೇಸಿನಿಂದ ಹೆಸರು ತುಂಬಿಸುವಾಗಲೇ ಫ್ಲ್ಯಾಗ್ ಏರಿರುತ್ತದೆ. ತುಂಬಿಸಿದ ಮೇಲೆ ಇಳಿಸಬಹುದು, ಆದರೆ ಆಗಲೂ ಒಂದಕ್ಷರ ಹೊಡೆದು ಅಳಿಸಿದರೆ ಮತ್ತೆ ಕೇಳುತ್ತದೆ. ಫ್ಲ್ಯಾಗ್ ಬಿಡಿ. ತುಂಬಿಸಿದ ಕೂಡಲೇ ಬಾಕ್ಸ್‌ಗಳಲ್ಲಿರುವುದರ ಒಂದು ಪ್ರತಿ (ನಕಲು) ಇಟ್ಟುಕೊಂಡು, ಫಾರ್ಮ್‌ಕ್ಲೋಸಿಂಗ್‌ನಲ್ಲಿ, ಅಂದರೆ ಫಾರ್ಮ್ ಮುಚ್ಚುವ ಮುಂಚೆ, ಹೋಲಿಸಿ. ಪ್ರತಿಯನ್ನು ಡೇಟಾಬೇಸಿನಿಂದ ತೆಗೆಯಬೇಡಿ: ಅಲ್ಲಿನ ನಲ್ (ಮೌಲ್ಯವೇ ಇಲ್ಲದ್ದು) ಬಾಕ್ಸಿನಲ್ಲಿ ಖಾಲಿ ಪಠ್ಯವಾಗುತ್ತದೆ, 12.5 ಎಂಬುದು 12.50 ಆಗುತ್ತದೆ. ತೂಕವನ್ನು ಡೆಸಿಮಲ್ ಸಂಖ್ಯೆ ಮಾಡಿಯೇ ಹೋಲಿಸಿ. ಬಳಸುವವರು ‘ರದ್ದು’ ಒತ್ತಿದರೆ ಇ.ಕ್ಯಾನ್ಸಲ್ ಟ್ರೂ ಮಾಡಿ, ಫಾರ್ಮ್ ಮುಚ್ಚುವುದಿಲ್ಲ. ಸೇವ್ ಆದ ಮೇಲೆ ಪ್ರತಿಯನ್ನು ಹೊಸದಾಗಿ ತೆಗೆಯಬೇಕು; ಹೆಚ್ಚಿನವರು ಮರೆಯುವುದು ಇದನ್ನೇ.

ಕಂಬಳಗದ್ದೆ:
ಗ್ರಿಡ್‌ಗೆ ಬೇರೆ ಕಾರಣ. ಟೂಲ್‌ಸ್ಟ್ರಿಪ್ (ಟೂಲ್‌ಬಾರ್) ಬಟನ್ ಒತ್ತಿದರೂ ಫೋಕಸ್ ಸೆಲ್ ಬಿಟ್ಟು ಕದಲುವುದಿಲ್ಲ, ತಿದ್ದಿದ ಅಂಕಿ ಎಡಿಟ್ ಬಾಕ್ಸಿನಲ್ಲೇ ಕೂತಿರುತ್ತದೆ. ಸೇವ್ ಕೋಡಿನ ಮೊದಲ ಸಾಲಿನಲ್ಲೇ, ಬರೆದದ್ದನ್ನು ಪರೀಕ್ಷಿಸುವ ಫಾರ್ಮಿನ ವ್ಯಾಲಿಡೇಟ್ ಕರೆಯಿರಿ, ಫಾಲ್ಸ್ ಬಂದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಗ್ರಿಡ್‌ನ ಎಂಡ್‌ಎಡಿಟ್ (ತಿದ್ದಿದ್ದನ್ನು ಸೆಲ್‌ಗೆ ಸೇರಿಸುವುದು), ಬೈಂಡಿಂಗ್‌ಸೋರ್ಸ್ (ಗ್ರಿಡ್‌ಗೂ ಡೇಟಾಗೂ ನಡುವಿನ ಕೊಂಡಿ) ಇದ್ದರೆ ಅದರದ್ದೂ. ಹೋಲಿಕೆ ಇದೆಲ್ಲ ಮುಗಿದ ಮೇಲೆ.

ತೆಂಕುತಿಟ್ಟು:
ತೂಕ ಸರಿಯಾಯಿತು. ಆದರೆ ಊರಿನ ಹೆಸರು ಅಳಿಸಿ, ಬೇರೆ ಕೀಬೋರ್ಡಿನಲ್ಲಿ ಅದನ್ನೇ ಬರೆದರೆ ಬದಲಾಗಿದೆ ಅನ್ನುತ್ತದೆ. ‘ಕೊಡ್ಲಮೊಗರು’ ಎರಡೂ ಸಲ ಕಣ್ಣಿಗೆ ಒಂದೇ.

ಪಯಸ್ವಿನಿ:
ಕಣ್ಣಿಗೆ ಒಂದೇ, ಬೈಟ್‌ಗೆ ಅಲ್ಲ. ‘ಕೊ’ದ ಒತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಊತ್ವ ಎಂದು ಎರಡಾಗಿಯೂ ಬರೆಯಬಹುದು. ಹೋಲಿಸುವ ಮುಂಚೆ ಎರಡೂ ಕಡೆ ನಾರ್ಮಲೈಸ್ ಕರೆದು ‘ಫಾರ್ಮ್‌ಸಿ’ ಎಂಬ ಒಂದೇ ಯುನಿಕೋಡ್ ರೂಪಕ್ಕೆ ತನ್ನಿ.

ಮಲಯಾಳ ಬಾಕ್ಸಿಗೆ ಅಷ್ಟು ಸಾಲದು. ‘ಮಾಧವನ್’ ಎಂಬಲ್ಲಿ ಕೊನೆಯ ಚಿಲ್ಲಕ್ಷರಕ್ಕೆ (ಸ್ವರವಿಲ್ಲದ ವ್ಯಂಜನ) 2008ರ ಯುನಿಕೋಡ್ 5.1ರಿಂದ ಸ್ವಂತ ಸಂಕೇತವಿದೆ. ಹಳೆಯ ಡೇಟಾದಲ್ಲಿ ಅದೇ ನಕಾರ, ಚಂದ್ರಕ್ಕಲ (ಸ್ವರ ತೆಗೆಯುವ ಗುರುತು), ಜೋಡಿಸುವ ಅದೃಶ್ಯ ಅಕ್ಷರ ಹೀಗೆ ಮೂರು. ನಾರ್ಮಲೈಸ್ ಇವನ್ನು ಒಂದು ಮಾಡುವುದಿಲ್ಲ, ಚಿಲ್ಲುಗಳಿಗೆ ನೀವೇ ಬದಲಿ ಪಟ್ಟಿ ಬರೆಯಬೇಕು. ಅದನ್ನು ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಬೇಡಿ. ಡೇಟಾಬೇಸಿನಲ್ಲಿ ಎರಡು ರೂಪ ಉಳಿದರೆ ಸದಸ್ಯರನ್ನು ಹುಡುಕುವಾಗ ಅರ್ಧ ಜನ ಸಿಗುವುದೇ ಇಲ್ಲ.