ಸಹಾಯ ಬೇಕು: ಎಫ್‌ಪಿಜಿಎಯಲ್ಲಿ ಆರ್‌ಪಿಎಂ ಇದ್ದಕ್ಕಿದ್ದಂತೆ ಅರ್ಧಕ್ಕೆ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೆಯ ಕಾರಿನ ಎಂಜಿನ್‌ಗೆ ಸ್ವಂತ ಕಂಟ್ರೋಲರ್ ಮಾಡುತ್ತಿದ್ದೇನೆ. ಚಿಪ್ ಲ್ಯಾಟಿಸ್ ಐಸ್40 ಎಂಬ ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್. ಒಳಗೆ ಪಿಕೊಆರ್‌ವಿ32 ಪ್ರೊಸೆಸರ್, ಪಕ್ಕದಲ್ಲೇ ಕ್ರ್ಯಾಂಕ್ ಚಕ್ರದ ಹಲ್ಲು ಅಳೆಯುವ ನನ್ನದೇ ಲಾಜಿಕ್. ಬೇಕಾದ ಟೈಮರನ್ನು ನಾವೇ ಕಟ್ಟಿಕೊಳ್ಳಬಹುದಲ್ವಾ, ಅದಕ್ಕೇ ಮಾಮೂಲಿ ಮೈಕ್ರೊಕಂಟ್ರೋಲರ್ ಬಿಟ್ಟೆ.

ಚಕ್ರ 60-2 ಮಾದರಿಯದು, ಅಂದರೆ 60 ಹಲ್ಲಿನ ಜಾಗದಲ್ಲಿ ಎರಡು ಖಾಲಿ. ಟೈಮರ್ 24 ಮೆಗಾಹರ್ಟ್ಸ್, ಪ್ರೊಸೆಸರ್ ಬೇರೆ ಕ್ರಿಸ್ಟಲ್‌ನಿಂದ 16. ಹಾಗಾಗಿ 6000 ಆರ್‌ಪಿಎಂನಲ್ಲಿ ಹಲ್ಲಿನಿಂದ ಹಲ್ಲಿಗೆ ಎಣಿಕೆ 4000 ಬರಬೇಕು, ಬರುತ್ತದೆ. ತೊಂದರೆ 5860ರ ಹತ್ತಿರ. ಎಣಿಕೆ 4095, 4096 ಅಂತ ಓಲಾಡುವಾಗ (ಇಲ್ಲಿ 13 ಬಿಟ್‌ಗಳೂ ಒಟ್ಟಿಗೆ ಬದಲಾಗುತ್ತವೆ) ಪ್ರೊಸೆಸರ್ ಒಮ್ಮೊಮ್ಮೆ 8191 ಓದುತ್ತದೆ, ಆರ್‌ಪಿಎಂ 2930 ಆಗಿಬಿಡುತ್ತದೆ!

ಸ್ಕೋಪ್‌ನಲ್ಲಿ ಸಿಗ್ನಲ್ ಶುದ್ಧವಾಗಿದೆ. ಸಿಮ್ಯುಲೇಶನ್‌ನಲ್ಲಿ ಏನೂ ಕಾಣಲ್ಲ, ಕಾಣುವುದೂ ಇಲ್ಲ ಬಿಡಿ. ಪ್ರತಿ ಬಿಟ್‌ಗೂ ಎರಡೆರಡು ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಹಾಕಿದೆ, ಕಡಿಮೆಯಾಗಲಿಲ್ಲ. ಗ್ರೇ ಕೋಡ್ (ಪಕ್ಕಪಕ್ಕದ ಸಂಖ್ಯೆಗಳ ನಡುವೆ ಒಂದೇ ಬಿಟ್ ಬದಲಾಗುವ ಸಂಕೇತ) ಇಲ್ಲಿ ಆಗಲ್ಲ, ಏಕೆಂದರೆ ಹಲ್ಲಿನಿಂದ ಹಲ್ಲಿಗೆ ಬೆಲೆ ಒಂದೊಂದೇ ಹೆಜ್ಜೆ ಬದಲಾಗುವುದಿಲ್ಲ.

ನನಗೆ ಹಳೆಯ ಬೆಲೆಗಳು ಬೇಡ, ಕೊನೆಯದು ಸರಿಯಾಗಿ ಸಿಕ್ಕರೆ ಸಾಕು. ಇದಕ್ಕೆ ಒಂದು ಬಿಟ್‌ನ ರಿಕ್ವೆಸ್ಟ್-ಅಕ್ನಾಲೆಡ್ಜ್ ಹ್ಯಾಂಡ್‌ಶೇಕ್ (ಒಂದು ಕಡೆ ಕೇಳುವುದು, ಇನ್ನೊಂದು ಕಡೆ ಸಿಕ್ಕಿತು ಎನ್ನುವುದು) ಸಾಕಾ, ಇಲ್ಲ ಎರಡು ಕ್ಲಾಕ್‌ನ ಫಿಫೋ (ಬೆಲೆಗಳನ್ನು ಬಂದ ಸರದಿಯಲ್ಲೇ ಕೊಡುವ ಸಾಲು) ಹಾಕಲೇಬೇಕಾ?