ಎಡಗಿವಿಯಲ್ಲಿ ಮಾತ್ರ ಬೇಸ್ ಇಲ್ಲ: ಕೆಟ್ಟಿರುವುದು ಇಯರ್‌ಫೋನೋ, ನನ್ನ ಕಿವಿಯೋ?

ಹಿತ್ತಾಳೆಕಿವಿ:

ಎಲ್ಲರಿಗೂ ನಮಸ್ಕಾರ. ಆರು ವರ್ಷ ಒಂದೇ ಸಾದಾ ಇಯರ್‌ಫೋನಿನಲ್ಲಿ ಕಾಲ ತಳ್ಳಿದವನು ನಾನು. ಈಗ ಧೈರ್ಯ ಮಾಡಿ ವೈರ್ ಇರುವ ಒಂದು ದುಬಾರಿ ಐಇಎಂ (ಇನ್-ಇಯರ್ ಮಾನಿಟರ್, ಕಿವಿಯೊಳಗೆ ಕೂರುವ ಇಯರ್‌ಫೋನ್) ತೆಗೆದುಕೊಂಡಿದ್ದೇನೆ. ಒಳಗೆ ಎರಡು ಬಗೆಯ ಪುಟಾಣಿ ಸ್ಪೀಕರ್: ಒಂದು ಡೈನಾಮಿಕ್ ಡ್ರೈವರ್, 4 ಬ್ಯಾಲೆನ್ಸ್ಡ್ ಆರ್ಮೇಚರ್. ಕೇಬಲ್ ಕಳಚಬಹುದು, 0.78 ಮಿ.ಮೀ. ಟೂ-ಪಿನ್. ಎಷ್ಟಾಯಿತು ಅಂತ ಕೇಳಬೇಡಿ, ಮನೆಯಲ್ಲೇ ಇನ್ನೂ ಹೇಳಿಲ್ಲ.

ಬಲಗಿವಿಯಲ್ಲಿ ಎಲ್ಲಾ ಸರಿ. ಎಡಗಿವಿಯಲ್ಲಿ ಡ್ರಮ್ಮು ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತದೆ. ಬೆರಳಿನಿಂದ ಒತ್ತಿ ಹಿಡಿದರೆ ಬೇಸ್ (ಕೆಳಗಿನ ದಪ್ಪ ಸ್ವರ) ಬರುತ್ತದೆ, ಬಿಟ್ಟ ತಕ್ಷಣ ಮಾಯ. ಹತ್ತು ನಿಮಿಷದಲ್ಲಿ ಅದು ತಾನಾಗಿ ಈಚೆ ಜಾರುತ್ತದೆ. ಜಾರುತ್ತದಲ್ಲಾ ಅಂತ ಡಬ್ಬದಲ್ಲಿದ್ದ ಸಿಲಿಕೋನ್ ಟಿಪ್‌ಗಳಲ್ಲಿ (ಕಿವಿಯೊಳಗೆ ಹೋಗುವ ಮೆತ್ತನೆಯ ತುದಿ) ಎಲ್ಲಕ್ಕಿಂತ ದೊಡ್ಡದನ್ನು ಎರಡೂ ಕಡೆ ಹಾಕಿದೆ. ಈಗ ಇನ್ನೂ ಕಡೆ. ಹಾಡುವವರ 'ಸ', 'ಶ' ಎಲ್ಲ ಚುಚ್ಚುತ್ತಿವೆ. ಕಿವಿಗೆ ಹಾಕುವಾಗ ಒಳಗೆ ತೆಳು ಪ್ಲಾಸ್ಟಿಕ್ ಮಡಚಿದ ಹಾಗೆ 'ಚರಕ್' ಅಂತ ಸದ್ದು ಬೇರೆ.

ವಿಮರ್ಶೆ ಬರೆದವರೆಲ್ಲ ಇದರ ಬೇಸ್ ಎದೆಗೆ ಗುದ್ದುತ್ತದೆ ಅಂದಿದ್ದರು. ನನ್ನ ಹೆಸರೇ ಹಿತ್ತಾಳೆಕಿವಿ, ನಂಬಿಬಿಟ್ಟೆ. ವಾಪಸ್ ಕಳಿಸಲು ಇನ್ನು 5 ದಿನ ಇದೆ. ಕಳಿಸಲಾ?

ಮಂದ್ರ:

ಕಳಿಸಬೇಡಿ. ಇವತ್ತಂತೂ ಬೇಡ.

ನಾನು ದಿನಕ್ಕೆ ಐದಾರು ಗಂಟೆ ಆಡಿಯೋ ಪುಸ್ತಕಗಳ ರೆಕಾರ್ಡಿಂಗ್ ಕೇಳಿ ತಿದ್ದುವವಳು. ಉಸಿರು, ತುಟಿಯ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಇವನ್ನೆಲ್ಲ ಹುಡುಕಿ ತೆಗೆಯುವುದೇ ಕೆಲಸ. ಹಾಗಾಗಿ ಐಇಎಂ ನನಗೆ ಒಂಥರಾ ಚಪ್ಪಲಿ ಇದ್ದ ಹಾಗೆ. ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲೆ, ಮೊದಲು ಕಚ್ಚಬಾರದು.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಒತ್ತಿದರೆ ಬೇಸ್ ಬರುತ್ತದೆ ಅಂದಿರಲ್ಲ? ಅಂದರೆ ಡ್ರೈವರ್ ತನ್ನ ಕೆಲಸ ಮಾಡುತ್ತಿದೆ, ಟಿಪ್ ಪಕ್ಕದಿಂದ ಗಾಳಿ ಸೋರುತ್ತಿದೆ. ಕಿವಿಯೊಳಗೆ ಸಿಕ್ಕಿಕೊಂಡ ಚೂರು ಗಾಳಿಯನ್ನು ಒತ್ತಿ, ಎಳೆದೇ ಇದು ಬೇಸ್ ಕೊಡುವುದು. ಸಣ್ಣ ಸಂದು ಇದ್ದರೂ ಅದು ಪಂಕ್ಚರ್ ಆದ ಟ್ಯೂಬಿಗೆ ಗಾಳಿ ಹೊಡೆದ ಹಾಗೆ. ಮೇಲಿನ ಸ್ವರಗಳಿಗೆ ಈ ತೊಂದರೆ ಅಷ್ಟಿಲ್ಲ, ಅವು ಹೇಗೋ ತಲುಪುತ್ತವೆ. ಅದಕ್ಕೇ ನಿಮಗೆ ರಟ್ಟಿನ ಡಬ್ಬ ಕೇಳಿಸುತ್ತಿರುವುದು.

ಈಗ ಟಿಪ್ ವಿಷಯ. ಜಾರಿದರೆ ದೊಡ್ಡದು ಹಾಕಬೇಕು ಅನ್ನಿಸುವುದು ಸಹಜ. ನಾನೂ ಅದೇ ತಪ್ಪು ಮಾಡಿದ್ದೆ, ಅದೂ ಎರಡು ವರ್ಷ. ದೊಡ್ಡ ಟಿಪ್ ಒಳಗೆ ಹೋಗುವುದೇ ಇಲ್ಲ. ಕಿವಿಯ ಬಾಯಲ್ಲೇ ಕುಳಿತು ಮಡಚಿಕೊಳ್ಳುತ್ತದೆ. ಆ ಮಡಿಕೆಯಲ್ಲೇ ಸೋರಿಕೆ. ಜೊತೆಗೆ ಸಿಲಿಕೋನ್ ಸ್ಪ್ರಿಂಗಿನ ಹಾಗೆ ಈಚೆಗೆ ತಳ್ಳುತ್ತಲೇ ಇರುತ್ತದೆ. ಎಡಗಡೆ ಮಾತ್ರ ಒಂದು ಸೈಜ್ ಚಿಕ್ಕದು ಹಾಕಿ. ಹೌದು, ಚಿಕ್ಕದು. ಅದು ಇನ್ನೊಂದಿಷ್ಟು ಒಳಗೆ ಹೋಗಿ, ಕಿವಿ ಕಿರಿದಾಗುವ ಕಡೆ ಕೂರುತ್ತದೆ. ಎರಡು ಕಿವಿಗೂ ಒಂದೇ ಸೈಜ್ ಇರಬೇಕು ಅಂತ ಯಾವ ಕಾನೂನೂ ಇಲ್ಲ. ನನ್ನದು ಬಲಕ್ಕೆ ಮೀಡಿಯಂ, ಎಡಕ್ಕೆ ಸ್ಮಾಲ್.

ಹಾಕುವ ಕ್ರಮ ಹೇಳುತ್ತೇನೆ, ಯಾಕೆಂದರೆ ಡಬ್ಬದೊಳಗಿನ ಕಾಗದದಲ್ಲಿ ಇದನ್ನು ಬರೆಯುವವರು ಕಡಿಮೆ. ಕಿವಿಯ ದಾರಿ ನೇರ ಕೊಳವೆಯಲ್ಲ, ಅದರಲ್ಲಿ ಎರಡು ತಿರುವು ಇವೆ. ಎಡಗಿವಿಗೆ ಹಾಕುವಾಗ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ. ದಾರಿ ನೆಟ್ಟಗಾಗುತ್ತದೆ. ಬಾಯಿ ಸ್ವಲ್ಪ ತೆರೆದಿಡಿ. ಐಇಎಂ ಅನ್ನು ಮುಂದಕ್ಕೆ ಓರೆ ಮಾಡಿ ಒಳಗಿಟ್ಟು, ಆಮೇಲೆ ತಲೆಯ ಹಿಂಬದಿಗೆ ತಿರುಗಿಸುತ್ತಾ ಕೂರಿಸಿ. ಕಿವಿ ಬಿಡಿ. ಕೇಬಲ್ಲನ್ನು ಕಿವಿಯ ಮೇಲಿಂದ ಹಿಂದಕ್ಕೆ ಹಾಯಿಸಿ, ಗಲ್ಲದ ಕೆಳಗೆ ಎರಡು ವೈರನ್ನೂ ಸೇರಿಸಿ ಹಿಡಿಯುವ ಸ್ಲೈಡರನ್ನು ಮೇಲಕ್ಕೆ ತಳ್ಳಿ. ಇಲ್ಲದಿದ್ದರೆ ಕೇಬಲ್ಲಿನ ಭಾರವೇ ಅದನ್ನು ಎಳೆದುಹಾಕುತ್ತದೆ.

ನೋವಾದರೆ ಅಲ್ಲೇ ನಿಲ್ಲಿಸಿ. ಕಿವಿಯ ದಾರಿಯ ಹೊರಗಿನ ಮೂರರಲ್ಲೊಂದು ಭಾಗ ಮೃದ್ವಸ್ಥಿ, ಅದು ಬಾಗುತ್ತದೆ. ಅಲ್ಲಿಂದ ಒಳಗೆ ಮೂಳೆ, ಅದರ ಮೇಲೆ ತೆಳು ಚರ್ಮ. ಅಲ್ಲಿ ತಾಗಿದರೆ ನಿಮಗೇ ಗೊತ್ತಾಗುತ್ತದೆ.

ಕೂತಿದೆಯಾ ಅಂತ ನೋಡಲು ಹಾಡು ಬೇಡ. ಬಾಯಿ ಮುಚ್ಚಿ 'ಮ್ಮ್ಮ್' ಅನ್ನಿ. ಮುಚ್ಚಿದ ಕಿವಿಯಲ್ಲಿ ನಿಮ್ಮ ಸ್ವರ ಗುಂಯ್ ಅನ್ನುತ್ತದೆ, ಸೋರುವ ಕಿವಿಯಲ್ಲಿ ಅಷ್ಟಿಲ್ಲ. ಎರಡೂ ಕಡೆ ಸಮ ಬಂದರೆ ಆಮೇಲೆ 50 ಹರ್ಟ್ಸ್‌ನ ಟೆಸ್ಟ್ ಟೋನ್ ಮೆಲ್ಲಗೆ ಹಾಕಿ ಕೇಳಿ. ಅದು ತಲೆಯ ನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಇನ್ನೊಂದು ಕಡೆ ಸೋರಿಕೆ ಅಂತ ಲೆಕ್ಕ.

'ಸ' ಚುಚ್ಚುವುದೂ ಇದೇ ಕಥೆಯ ಮುಂದಿನ ಭಾಗ. ಟಿಪ್ಪಿಗೂ ಕರ್ಣಪಟಲಕ್ಕೂ ನಡುವೆ ಉಳಿದ ಜಾಗದಲ್ಲಿ ಒಂದು ಅನುರಣನ ಏಳುತ್ತದೆ, ಅಂದರೆ ಕೆಲವು ಸ್ವರಗಳು ಮಾತ್ರ ಗುಡ್ಡದ ಹಾಗೆ ಎದ್ದು ಕೇಳುತ್ತವೆ. ವಿಮರ್ಶಕರು ಅಳೆಯಲು ಬಳಸುವ ಕೃತಕ ಕಿವಿಯಲ್ಲಿ ಅದನ್ನು 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲಿಸುವುದು ರೂಢಿ. ನೀವು ಮೇಲೆ ಮೇಲೆ ಹಾಕಿಕೊಂಡರೆ ಜಾಗ ಉದ್ದವಾಗಿ ಆ ಗುಡ್ಡ ಕೆಳಗಿಳಿಯುತ್ತದೆ, ಸರಿಯಾಗಿ ಸಕಾರ ಶಕಾರಗಳ ತಲೆಯ ಮೇಲೆ ಬಂದು ಕೂರುತ್ತದೆ. ಅಂದರೆ ವಿಮರ್ಶಕರ ಅಳತೆಯ ಗ್ರಾಫಿನಲ್ಲಿರುವ ಐಇಎಂ ಬೇರೆ, ನಿಮ್ಮ ಕಿವಿಯಲ್ಲಿರುವುದು ಬೇರೆ. ವಿಮರ್ಶಕರು ಸುಳ್ಳು ಹೇಳಿಲ್ಲ ಬಿಡಿ.

'ಚರಕ್' ಸದ್ದಿಗೆ ಹೆದರಬೇಡಿ. ಹಾಕುವಾಗ ಒಳಗಿನ ಗಾಳಿಯ ಒತ್ತಡಕ್ಕೆ ಡೈನಾಮಿಕ್ ಡ್ರೈವರಿನ ಪೊರೆ ಬಾಗುವ ಸದ್ದು ಅದು. ಕಿವಿ ಎಳೆದು ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ. ಕಿವಿಗೆ ಹಾಕಿಕೊಂಡೇ ಮತ್ತೆ ಮತ್ತೆ ಜೋರಾಗಿ ಒತ್ತುವ ಆಟ ಮಾತ್ರ ಬೇಡ.

ತಂತಿಜಗಳ:

ಮಂದ್ರ ಅವರು ಹೇಳಿದ್ದು ಸರಿ, ಆದರೆ ಒಂದು ತಕರಾರು. ಒತ್ತಿದರೆ ಸದ್ದು ಬರುವುದು ಸಡಿಲ ಪಿನ್ನಿನ ಲಕ್ಷಣವೂ ಹೌದು. 5 ದಿನ ಇದೆಯಲ್ಲ, ಅದನ್ನೂ ನೋಡಿಬಿಡಿ.

ಕೇಬಲ್ ಅದಲು ಬದಲು ಮಾಡಿ. ಎಡದ ಪಿನ್ ಬಲಕ್ಕೆ, ಬಲದ್ದು ಎಡಕ್ಕೆ. ತೊಂದರೆ ಬಲಗಿವಿಗೆ ಹೋದರೆ ಕೇಬಲ್ಲಿನದೋ ಪ್ಲೇಯರಿನದೋ ತಪ್ಪು. ಎಡದಲ್ಲೇ ಉಳಿದರೆ ಐಇಎಂ ಇಲ್ಲವೇ ಕಿವಿ. ಆಗ ಎಡದ ತುಂಡನ್ನು ತಲೆಕೆಳಗು ಮಾಡಿ ಬಲಗಿವಿಯಲ್ಲಿ ಕೈಯಲ್ಲೇ ಹಿಡಿದು ಕೇಳಿ. ಚೆನ್ನಾಗಿ ಕೇಳಿದರೆ ಅಪರಾಧಿ ಯಾರು ಅಂತ ಗೊತ್ತಾಯಿತು. ಕೀಳುವಾಗ ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರ್ ಹಿಡಿದು ನೆಟ್ಟಗೆ ಎಳೆಯಿರಿ. ವಾಲಿಸಿದರೆ ಪಿನ್ ಬಾಗುತ್ತದೆ.

ಇನ್ನೊಂದು. ಟೂ-ಪಿನ್ ಅನ್ನು ಒಂದು ಕಡೆ ಮಾತ್ರ ಉಲ್ಟಾ ಚುಚ್ಚಿದರೆ ಎಡ, ಬಲ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಅಲುಗುತ್ತವೆ. ಸದ್ದು ಬರುತ್ತದೆ, ಆದರೆ ಹಾಡುವವರ ಧ್ವನಿ ನಡುವೆ ನಿಲ್ಲದೆ ಚದುರಿಹೋಗುತ್ತದೆ. ಕಿವಿಯ ಕೊಕ್ಕೆ ಇಲ್ಲದ ಕೇಬಲ್‌ನಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ನಾನು ಮೂರು ವಾರ ಹಾಗೇ ಕೇಳಿ, 'ಸಂಗೀತದ ವೇದಿಕೆ ಎಷ್ಟು ವಿಶಾಲ!' ಅಂತ ಗೆಳೆಯರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಮಂದ್ರ:

ತಕರಾರು ಒಪ್ಪಿದೆ. ಪಿನ್ ಸಡಿಲವಿದ್ದರೆ ಸಾಮಾನ್ಯವಾಗಿ ಸದ್ದೇ ಹೋಗಿ ಬರುತ್ತದೆ, ಬೇಸ್ ಒಂದೇ ಹೋಗುವುದಿಲ್ಲ. ಆದರೂ ಎರಡು ನಿಮಿಷದ ಕೆಲಸ, ನೋಡಿಬಿಡಲಿ.

ಅಚ್ಚುಕಟ್ಟು:

ನನ್ನ ಕಿವಿಗೆ ಯಾವ ಟಿಪ್ಪೂ ಒಗ್ಗಲಿಲ್ಲ, ಕೊನೆಗೆ ಅಚ್ಚು ತೆಗೆಸಿ ಕಸ್ಟಮ್ ಮಾಡಿಸಿಕೊಂಡೆ. ಅದು ಇನ್ನೊಂದು ಸಾಹಸ. ಆಡಿಯಾಲಜಿಸ್ಟ್ ಕಿವಿಯೊಳಗೆ ಮೊದಲು ಸ್ಪಾಂಜಿನ ತಡೆ ಇಟ್ಟು, ಆಮೇಲೆ ಸಿಲಿಕೋನ್ ತುಂಬುತ್ತಾರೆ. ಹಲ್ಲಿನ ನಡುವೆ ಒಂದು ತುಂಡು ಕಚ್ಚಿಕೊಂಡು ಬಾಯಿ ತೆರೆದಿರಬೇಕು, ಯಾಕೆಂದರೆ ದವಡೆ ಅಲ್ಲಾಡಿದರೆ ಕಿವಿಯ ಆಕಾರ ಬದಲಾಗುತ್ತದೆ. ನನಗೆ ಅಚ್ಚು ತೆಗೆದವರು ಬಾಯಿ ಮುಚ್ಚಿಸಿಯೇ ತೆಗೆದರು. ಬಂದ ಐಇಎಂ ಸುಮ್ನೆ ಕೂತಾಗ ಸೊಗಸು, ನಕ್ಕರೆ ಬೇಸ್ ಮಾಯ! ಮತ್ತೆ ಅಚ್ಚು, ಮತ್ತೆ ಒಂದೂವರೆ ತಿಂಗಳು ಕಾಯುವುದು. ಅಚ್ಚಿನಲ್ಲಿ ಮಾಡಿದ್ದನ್ನು ಬೇರೆಯವರಿಗೆ ಮಾರುವುದೂ ಕಷ್ಟ.

ಅದಕ್ಕೆ ಮೊದಲು ಫೋಮ್ ಟಿಪ್ ನೋಡಿ. ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಒಳಗಿಟ್ಟು, ಅರ್ಧ ನಿಮಿಷ ಹಿಡಿದುಕೊಳ್ಳಿ. ಅದೇ ಹಿಗ್ಗಿ ಸಂದು ತುಂಬುತ್ತದೆ. ಟ್ರೆಬಲ್ (ಮೇಲಿನ ಸ್ವರ) ಸ್ವಲ್ಪ ಮೆತ್ತಗಾಗುತ್ತದೆ, ನಿಮ್ಮ 'ಸ'ಕಾರಕ್ಕೆ ಅದೇ ಒಳ್ಳೆಯದು. ಆದರೆ ಕೆಲವು ತಿಂಗಳಲ್ಲಿ ಸವೆಯುತ್ತದೆ, ಬದಲಿಸುತ್ತಿರಬೇಕು. ಕೊಳ್ಳುವ ಮೊದಲು ನಾಝಲ್ಲಿನ (ಟಿಪ್ ಕೂರುವ ಮೂತಿ) ಅಡ್ಡಳತೆ ನೋಡಿಕೊಳ್ಳಿ. ಸಡಿಲ ಟಿಪ್ ಕಿವಿಯೊಳಗೇ ಉಳಿದುಬಿಟ್ಟರೆ ಫಜೀತಿ.

ಮಂದ್ರ:

ಕಸ್ಟಮ್‌ಗೆ ಅವಸರ ಬೇಡ ಅನ್ನುವುದಕ್ಕೆ ನನ್ನದೂ ಒಂದು ಓಟು. ಒಳಗೆ ಆಳವಾಗಿ ಕೂರಿಸುವುದು ಹೊಸ ವಿದ್ಯೆಯೇನಲ್ಲ. 1991ರಲ್ಲಿ ಬಂದ ಎಟಿಮೋಟಿಕ್ ಇಆರ್-4ಗೆ ಮೂರು ಅಂಚಿನ ಟಿಪ್ ಇತ್ತು, ಆಳಕ್ಕೆ ಇಳಿಸಿಯೇ ಕೇಳಬೇಕಿತ್ತು. ನನ್ನ ಮೊದಲ ಒಳ್ಳೆಯ ಐಇಎಂ ಅದೇ. ಮೊದಲ ವಾರ ಕಿವಿಗೆ ಯಾರೋ ಕಡ್ಡಿ ಹಾಕಿದ ಹಾಗಿತ್ತು, ಎರಡನೇ ವಾರ ಮರೆತೇಹೋಯಿತು.

ಮರೆಯಬಾರದ್ದು ಒಂದಿದೆ. ಬೇಸ್ ಇಲ್ಲ ಅಂತ ನೀವು ಈಗ ವಾಲ್ಯೂಮ್ ಏರಿಸಿಕೊಂಡಿರುತ್ತೀರಿ. ಸೀಲ್ ಸರಿಹೋದ ದಿನ ಮೊದಲು ಅದನ್ನು ಇಳಿಸಿ, ಆಮೇಲೆ ಹಾಡು ಹಾಕಿ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಯಾಶ್ ಸಂಸ್ಥೆ ಇಟ್ಟಿರುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. ನನ್ನ ಅನ್ನ ಕಿವಿಯಿಂದ ಬರುವುದು, ಹಾಗಾಗಿ ಈ ಲೆಕ್ಕ ಬಾಯಿಪಾಠ.

ಹಿತ್ತಾಳೆಕಿವಿ:

ಮೂವರಿಗೂ ಧನ್ಯವಾದ. ನಿನ್ನೆ ರಾತ್ರಿ ಎಲ್ಲ ಮಾಡಿ ನೋಡಿದೆ.

ಕೇಬಲ್ ಅದಲು ಬದಲು ಮಾಡಿದೆ, ತೊಂದರೆ ಎಡದಲ್ಲೇ ಉಳಿಯಿತು. ಎಡದ ತುಂಡನ್ನು ತಲೆಕೆಳಗಾಗಿ ಬಲಗಿವಿಗೆ ಹಿಡಿದೆ, ಬೇಸ್ ಧಾರಾಳ. ಅಲ್ಲಿಗೆ ಅಪರಾಧಿ ನನ್ನ ಕಿವಿಯೇ. ಬಲಕ್ಕೆ ಮೀಡಿಯಂ, ಎಡಕ್ಕೆ ಸ್ಮಾಲ್ ಹಾಕಿ, ತಲೆಯ ಹಿಂದಿನಿಂದ ಕೈ ತಂದು ಕಿವಿ ಎಳೆದು ಕೂರಿಸಿದೆ. ಮಗಳು ಬಂದು 'ಯಾಕಪ್ಪಾ, ನಿನಗೆ ನೀನೇ ಕಿವಿ ಹಿಂಡಿಕೊಳ್ತಿದ್ದೀಯ?' ಅಂದಳು. 'ಮ್ಮ್ಮ್' ಎರಡೂ ಕಡೆ ಗುಂಯ್ ಅಂದಿತು. ವಾಲ್ಯೂಮ್ ಇಳಿಸಿಯೇ ಹಾಡು ಹಾಕಿದೆ, ಮೊದಲು 60ರಲ್ಲಿತ್ತು, ಈಗ 38 ಸಾಕಾಗುತ್ತಿದೆ. ಡ್ರಮ್ಮು ರಟ್ಟಿನ ಡಬ್ಬದಿಂದ ಈಚೆ ಬಂದಿದೆ.

ಆದರೆ ಎಡಗಡೆ ಇನ್ನೂ ಮುಕ್ಕಾಲು ಗಂಟೆಗೊಮ್ಮೆ ಜಾರುತ್ತದೆ, ಅದೂ ಮಾತಾಡಿದರೆ ಮಾತ್ರ. ಫೋಮ್ ತರಿಸುತ್ತಿದ್ದೇನೆ. ನಾಝಲ್ ಅಳೆದೆ, 5.8 ಮಿ.ಮೀ. ಇದೆ. ಮತ್ತೆ, ಟಿಪ್ ತೆಗೆದಾಗ ಎಡದ ಜಾಲರಿಯ ಮೇಲೆ ಹಳದಿಯದೇನೋ ಮೆತ್ತಿಕೊಂಡಿತ್ತು...

ಮಂದ್ರ:

ಗುಗ್ಗೆ ಅದು, ನಾಚಿಕೆ ಬೇಡ, ಎಲ್ಲರದ್ದೂ ಇದೇ ಪಾಡು. ಜಾಲರಿಯನ್ನು ನೆಲದ ಕಡೆ ಮುಖ ಮಾಡಿ ಹಿಡಿದು, ಒಣ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ. ಮೇಲ್ಮುಖ ಹಿಡಿದರೆ ಒಳಗೆ ಬೀಳುತ್ತದೆ. ಪಿನ್ನು, ಸೂಜಿ, ನೀರು ಯಾವುದೂ ಬೇಡ. ಟಿಪ್ಪನ್ನು ಮಾತ್ರ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ನಿಮ್ಮ ಕಿವಿಗೆ ಹತ್ತಿಕಡ್ಡಿ ಹಾಕಲು ಹೋಗಬೇಡಿ, ಗುಗ್ಗೆ ಇನ್ನೂ ಒಳಗೆ ಸೇರುತ್ತದೆ. ಕಿವಿ ಕಟ್ಟಿದ ಹಾಗನ್ನಿಸಿದರೆ ಡಾಕ್ಟರ ಹತ್ತಿರ ತೆಗೆಸಿ.

ಫೋಮ್ ಬಂದ ಮೇಲೆ 'ಸ' ಹೇಗಿದೆ ಅಂತ ಬರೆಯಿರಿ. ಮನೆಯಲ್ಲಿ ಹೇಳಿದಿರಾ?

ಹಿತ್ತಾಳೆಕಿವಿ:

ಮಗಳು ಹೇಳಿಬಿಟ್ಟಳು.